ಬನಿಯನ್ ಊರಿನ ಮಕ್ಕಳ ಊಟದ ತಟ್ಟೆ

ಪೋಷಣೆಯ ಪಾಠಕ್ಕೆಂದು ಹೊಸ ಶಾಲೆಗೆ ಕಾಲಿಟ್ಟ ದಿನ ನಾನು ಪಾಠ ಮಾಡುವುದಿಲ್ಲ. ಮಕ್ಕಳ ಕೈಗೆ ಒಂದೊಂದು ಹಾಳೆ ಕೊಟ್ಟು, ನಿನ್ನೆ ಎದ್ದಾಗಿನಿಂದ ಮಲಗುವ ತನಕ ಬಾಯಿಗೆ ಹಾಕಿಕೊಂಡದ್ದನ್ನೆಲ್ಲ ಬರೆಯಿರಿ ಎನ್ನುತ್ತೇನೆ. ಸರಿ ತಪ್ಪು ಇಲ್ಲ, ಅಂಕವಿಲ್ಲ, ಹೆಸರೂ ಬೇಡ. ತಿರುಪ್ಪೂರಿನ ಸರ್ಕಾರಿ ಶಾಲೆಯ ಆರನೇ ತರಗತಿಯಲ್ಲಿ ಸಿಗುವ ಹಾಳೆ ಹೆಚ್ಚುಕಡಿಮೆ ಹೀಗಿರುತ್ತದೆ: ಬೆಳಿಗ್ಗೆ ಟೀ, ಎರಡು ವರ್ಕಿ. ಮಧ್ಯಾಹ್ನ ಶಾಲೆಯ ಊಟ, ಮೊಟ್ಟೆ. ಸಂಜೆ ಐದು ರೂಪಾಯಿಯ ಖಾರದ ಪ್ಯಾಕೆಟ್. ರಾತ್ರಿ ಒಂಬತ್ತೂವರೆಗೆ ಅನ್ನ ರಸ, ಇಲ್ಲದಿದ್ದರೆ ಅಂಗಡಿಯ ಪರೋಟ.

ಇದನ್ನು ಓದಿದ ಕೂಡಲೇ ತಾಯಂದಿರನ್ನು ದೂರುವವರಿದ್ದಾರೆ. ಅವರು ಬೆಳಿಗ್ಗೆ ಎಂಟು ಗಂಟೆಗೆ ತಿರುಪ್ಪೂರಿನ ಯಾವುದಾದರೂ ರಸ್ತೆಯಲ್ಲಿ ಹತ್ತು ನಿಮಿಷ ನಿಂತು ನೋಡಬೇಕು. ಟಿಫನ್ ಚೀಲ ಹೆಗಲಿಗೇರಿಸಿಕೊಂಡು ಹೆಂಗಸರು ಗುಂಪುಗುಂಪಾಗಿ ಕಂಪನಿಗಳ ಕಡೆ ನಡೆಯುತ್ತಿರುತ್ತಾರೆ. ಹೊಲಿಗೆಗೆ, ಚೆಕ್ಕಿಂಗಿಗೆ, ಪ್ಯಾಕಿಂಗಿಗೆ. ಊರಿಗೆ ಊರೇ ಬನಿಯನ್ ನೆಯ್ದು, ಹೊಲಿದು, ಹೊರದೇಶಗಳಿಗೆ ಕಳಿಸಿ ಬದುಕುತ್ತದೆ. ಆರ್ಡರ್ ಜಾಸ್ತಿ ಇದ್ದಾಗ ಒಂದೂವರೆ ಶಿಫ್ಟು. ಮನೆ ಸೇರುವಾಗ ರಾತ್ರಿ ಒಂಬತ್ತಾಗುತ್ತದೆ. ಆ ತಾಯಿಗೆ ಹೋಗಿ, ಮಗುವಿಗೆ ದಿನಕ್ಕೆ ಮೂರು ಬಗೆಯ ತರಕಾರಿ ಕೊಡಮ್ಮಾ ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ಆಕೆಯ ಮಗುವಿಗೆ ಹೇಳಬಲ್ಲೆ, ತೋರಿಸಬಲ್ಲೆ, ಅದರ ಕೈಯಲ್ಲಿ ಮಾಡಿಸಬಲ್ಲೆ. ನನ್ನ ಕೆಲಸ ಅಷ್ಟೇ.

ನಾನು ಸಿರುಮುಗೈಯ ನೇಕಾರರ ಮನೆಯವಳು. ಮೇಟುಪಾಳ್ಯಂ ಪಕ್ಕ, ಭವಾನಿ ಹೊಳೆಯ ದಂಡೆಯ ಊರು. ನಮ್ಮ ದೇವಾಂಗರ ಮನೆಗಳಲ್ಲಿ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಕನ್ನಡದ ಅಕ್ಷರ ಕಲಿತದ್ದು ದೊಡ್ಡವಳಾದ ಮೇಲೆ. ಓದಿದ್ದು ಕೊಯಮತ್ತೂರಿನ ಅವಿನಾಶಿಲಿಂಗಂ ಸಂಸ್ಥೆಯಲ್ಲಿ, ಆಹಾರ ಮತ್ತು ಪೋಷಣೆ ವಿಷಯ. ಶಾಲಾ ಮಕ್ಕಳ ಊಟದ ಬಗ್ಗೆ ಮಾತಾಡಲು ಇದಕ್ಕಿಂತ ಸರಿಯಾದ ಜಾಗ ದಕ್ಷಿಣದಲ್ಲಿ ಇನ್ನೊಂದಿಲ್ಲ ಎಂದು ನಾನು ನಂಬಿದ್ದೇನೆ. ಸಂಸ್ಥಾಪಕರಾದ ಟಿ. ಎಸ್. ಅವಿನಾಶಿಲಿಂಗಂ ಚೆಟ್ಟಿಯಾರ್ 1903ರಲ್ಲಿ ತಿರುಪ್ಪೂರಿನಲ್ಲಿ ಹುಟ್ಟಿದವರು. ಸ್ವಾತಂತ್ರ್ಯದ ಆಸುಪಾಸಿನಲ್ಲಿ ಮದರಾಸು ಪ್ರಾಂತದ ಶಿಕ್ಷಣ ಮಂತ್ರಿಯಾಗಿದ್ದವರು. 1957ರಲ್ಲಿ ಹೆಣ್ಣುಮಕ್ಕಳಿಗಾಗಿ ಗೃಹವಿಜ್ಞಾನ ಕಾಲೇಜು ತೆರೆದರು. ಅದನ್ನು ಬೆಳೆಸಿದವರು ರಾಜಮ್ಮಾಳ್ ದೇವದಾಸ್. ಅಮೆರಿಕದ ಓಹಿಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದು ಬಂದ ಆಕೆ ಪೋಷಣಾ ವಿಜ್ಞಾನವನ್ನು ಪ್ರಯೋಗಾಲಯದಿಂದ ಎತ್ತಿಕೊಂಡು ಹಳ್ಳಿಯ ಬಾಲವಾಡಿಗೂ ಶಾಲೆಯ ಅಡುಗೆಮನೆಗೂ ತಂದರು. 1992ರಲ್ಲಿ ಪದ್ಮಶ್ರೀ ಬಂತು. 1970ರ ದಶಕದ ನಡುವಿನಲ್ಲಿ ಎನ್‌ಸಿಇಆರ್‌ಟಿಯು ಯುನಿಸೆಫ್ ನೆರವಿನಿಂದ ಪ್ರಾಥಮಿಕ ಶಾಲೆಗಳಲ್ಲಿ ಪೋಷಣೆ, ಆರೋಗ್ಯ, ನೈರ್ಮಲ್ಯದ ಪಾಠಗಳನ್ನು ಸೇರಿಸುವ ಯೋಜನೆ ಹಿಡಿದಾಗ, ದೇಶದಲ್ಲಿ ಆರಿಸಿಕೊಂಡ ಐದು ಕೇಂದ್ರಗಳಲ್ಲಿ ಕೊಯಮತ್ತೂರೂ ಒಂದು. ಅಂದರೆ ನಾನಿವತ್ತು ಮಾಡುತ್ತಿರುವುದಕ್ಕೆ ಈ ಊರಿನಲ್ಲಿ ಐವತ್ತು ವರ್ಷಗಳ ಹಾದಿ ಇದೆ. ಅಷ್ಟಾದರೂ ಇವತ್ತಿಗೂ ವೇಳಾಪಟ್ಟಿಯಲ್ಲಿ ಊಟದ ಪಾಠಕ್ಕೆ ಸ್ವಂತದ ಪೀರಿಯಡ್ ಇಲ್ಲ. ವಿಜ್ಞಾನದ ಟೀಚರ್ ಅರ್ಧ ಗಂಟೆ ಬಿಟ್ಟುಕೊಟ್ಟರೆ ಉಂಟು.

ಊಟವಂತೂ ಉಂಟು. ಆ ವಿಷಯದಲ್ಲಿ ತಮಿಳುನಾಡಿಗೆ ಕೈಮುಗಿಯಬೇಕು. 1920ರಲ್ಲಿ ಮದರಾಸು ನಗರಸಭೆಯ ಒಂದು ಶಾಲೆಯಲ್ಲಿ ಶುರುವಾದದ್ದನ್ನು 1956ರಲ್ಲಿ ಕಾಮರಾಜರು ರಾಜ್ಯಕ್ಕೆಲ್ಲ ಹರಡಿದರು. 1982ರ ಜುಲೈ 1ರಂದು ಎಂಜಿಆರ್ ಅದನ್ನು 'ಸತ್ತುಣವು' ಯೋಜನೆ ಮಾಡಿದರು. ಸತ್ವವುಳ್ಳ ಊಟ ಎಂದರ್ಥ. 1989ರಲ್ಲಿ ಕರುಣಾನಿಧಿ ಸರ್ಕಾರ ಹದಿನೈದು ದಿನಕ್ಕೊಂದು ಮೊಟ್ಟೆ ಸೇರಿಸಿತು. ಈಗ ವಾರದ ಐದೂ ದಿನ ಮೊಟ್ಟೆ, ತಿನ್ನದವರಿಗೆ ಬಾಳೆಹಣ್ಣು. ಬರೀ ಅನ್ನ ಸಾಂಬಾರಿನ ಕಾಲವೂ ಹೋಯಿತು. ವಾರದ ಪಟ್ಟಿಯಲ್ಲಿ ತರಕಾರಿ ಬಿರಿಯಾನಿ, ಕಪ್ಪು ಕಡಲೆ ಪುಲಾವ್, ಕರಿಬೇವಿನ ಅನ್ನ, ನಿಂಬೆ ಅನ್ನ ಇವೆ. ನಮ್ಮ ಬಿಸಿಬೇಳೆಬಾತೂ ಇದೆ. ಕರ್ನಾಟಕದಲ್ಲಿ ಅಕ್ಷರ ದಾಸೋಹ ಶುರುವಾದದ್ದು 2002ರಲ್ಲಿ, ಕ್ಷೀರಭಾಗ್ಯ 2013ರಲ್ಲಿ. ಮೊಟ್ಟೆಯ ವಿಷಯಕ್ಕೆ ಅಲ್ಲಿ ಎಷ್ಟೊಂದು ವಾದ ನಡೆಯಿತು ಎನ್ನುವುದು ಓದುಗರಿಗೆ ಗೊತ್ತಿರುವುದೇ. ಒಂದು ಮೊಟ್ಟೆಯಲ್ಲಿ ಆರು ಗ್ರಾಂನಷ್ಟು ಪ್ರೋಟೀನ್ ಇರುತ್ತದೆ, ಅದೂ ದೇಹ ಪೂರಾ ಬಳಸಿಕೊಳ್ಳುವಂಥದ್ದು. ಐದನೇ ತರಗತಿವರೆಗಿನ ಮಗುವಿಗೆ ಶಾಲೆಯ ಊಟದಿಂದ ಸಿಗಬೇಕೆಂದು ಕೇಂದ್ರದ ನಿಯಮ ಹೇಳುವುದು 12 ಗ್ರಾಂ. ಅರ್ಧ ಲೆಕ್ಕ ಒಂದೇ ಮೊಟ್ಟೆಯಲ್ಲಿ ಮುಗಿಯುತ್ತದೆ.

2022ರ ಸೆಪ್ಟೆಂಬರ್ 15ರಿಂದ ಬೆಳಗಿನ ಉಪಾಹಾರವೂ ಬಂತು. ಮೊದಲ ಕಂತಿನಲ್ಲಿ 1,545 ಶಾಲೆಗಳು, ಮರುವರ್ಷ ಆಗಸ್ಟ್‌ನಿಂದ ರಾಜ್ಯದ ಎಲ್ಲ ಸರ್ಕಾರಿ ಪ್ರಾಥಮಿಕ ಶಾಲೆಗಳು. ಉಪ್ಪಿಟ್ಟು, ಕಿಚಡಿ, ಪೊಂಗಲ್, ಜೊತೆಗೆ ತರಕಾರಿ ಸಾಂಬಾರ್. ಟೀ ಕುಡಿದು ಬರುತ್ತಿದ್ದ ಮಗು ಒಂಬತ್ತು ಗಂಟೆಗೆ ಬಿಸಿ ಪೊಂಗಲ್ ತಿಂದು ತರಗತಿಯಲ್ಲಿ ಕೂತರೆ ಏನಾಗುತ್ತದೆ ಎಂದು ಯಾವ ಟೀಚರನ್ನಾದರೂ ಕೇಳಿ. ಹನ್ನೊಂದು ಗಂಟೆಯ ಹೊತ್ತಿಗೆ ಬೆಂಚಿನ ಮೇಲೆ ತಲೆ ಇಡುವ ಮಕ್ಕಳು ಕಡಿಮೆಯಾದರು ಎನ್ನುತ್ತಾರೆ. ರಾತ್ರಿಯ ಊಟ ಕರಗಿ ಹನ್ನೆರಡು ತಾಸಾದ ಮೇಲೆ ಮಿದುಳಿಗೆ ಗ್ಲೂಕೋಸ್ ಬೇಕು. ದೊಡ್ಡವರ ದೇಹ ಹೇಗೋ ತೂಗಿಸಿಕೊಳ್ಳುತ್ತದೆ. ಎಂಟು ವರ್ಷದ ಮಗುವಿನ ದೇಹದಲ್ಲಿ ಕೂಡಿಟ್ಟುಕೊಂಡದ್ದೇ ಕಡಿಮೆ. ಆದರೆ ಈ ಉಪಾಹಾರ ಐದನೇ ತರಗತಿಗೆ ನಿಲ್ಲುತ್ತದೆ. ಬೆಳವಣಿಗೆ ಭರದಿಂದ ಶುರುವಾಗುವ, ಹೆಣ್ಣುಮಕ್ಕಳು ಮೈನೆರೆಯುವ ವಯಸ್ಸಿನಲ್ಲಿ, ಆರನೇ ತರಗತಿಗೆ ಬಂದ ಮಗು ಮತ್ತೆ ಟೀ ವರ್ಕಿಗೆ ಮರಳುತ್ತದೆ. ನನ್ನ ಹಾಳೆಗಳಲ್ಲಿ ಇದು ಎದ್ದು ಕಾಣುತ್ತದೆ. ಸರ್ಕಾರ ಇದನ್ನು ಎಂಟನೇ ತರಗತಿವರೆಗಾದರೂ ಒಯ್ಯಬೇಕು.

ತಟ್ಟೆಯಲ್ಲಿ ಇಷ್ಟೆಲ್ಲ ಬಂದು ಬಿದ್ದರೂ ಪಾಠವೇಕೆ ಬೇಕು? ಕೈ ತೊಳೆಯುವ ತೊಟ್ಟಿಯ ಪಕ್ಕದ ಬಕೆಟ್ ನೋಡಿದರೆ ತಿಳಿಯುತ್ತದೆ. ಊಟ ಮುಗಿದ ಮೇಲೆ ಅದರಲ್ಲಿ ಕ್ಯಾರೆಟ್ ಚೂರು, ಬೀನ್ಸ್, ಕರಿಬೇವು, ಸೊಪ್ಪು ತುಂಬಿರುತ್ತವೆ. ಅನ್ನ, ಮೊಟ್ಟೆ, ಆಲೂಗಡ್ಡೆ ಹೊಟ್ಟೆಗೆ ಹೋಗಿವೆ. ಖರ್ಚು ಮಾಡಿ ತಂದದ್ದರಲ್ಲಿ ವಿಟಮಿನ್ನು, ಕಬ್ಬಿಣ, ನಾರು ಇರುವ ಭಾಗವೇ ಹೊರಗೆ. ಗೋಡೆಗೆ ಆಹಾರದ ಚಾರ್ಟ್ ಅಂಟಿಸಿದರೆ ಈ ಬಕೆಟ್ ಖಾಲಿಯಾಗುವುದಿಲ್ಲ. ಸೇಬು, ದ್ರಾಕ್ಷಿ, ಚೀಸ್ ಚಿತ್ರಗಳಿರುವ ಆ ಚಾರ್ಟುಗಳು ಯಾವ ಊರಿನ ಮಕ್ಕಳಿಗೆ ಅಂತ ಮಾಡಿದವೋ. ಈ ಮಕ್ಕಳ ತಟ್ಟೆಯಲ್ಲಿ ಇರುವುದನ್ನು ಬಿಟ್ಟು ಇಲ್ಲದ್ದನ್ನು ತೋರಿಸಿದರೆ, ಒಳ್ಳೆಯ ಊಟ ಎಂದರೆ ದುಡ್ಡಿರುವವರದು ಎನ್ನುವ ಒಂದೇ ಪಾಠ ಅವರಿಗೆ ಸಿಗುತ್ತದೆ.

ಹಾಗಾಗಿ ನನ್ನ ಪಾಠ ಆ ದಿನದ ಶಾಲೆಯ ಊಟದಿಂದಲೇ ಶುರು. ಕರಿಬೇವಿನ ಅನ್ನದ ದಿನ ಮಕ್ಕಳೇ ಆವರಣದ ಗಿಡದಿಂದ ಎಲೆ ಕಿತ್ತು, ತೊಳೆದು, ಅಡುಗೆಯ ಆಯಮ್ಮನ ಕೈಗೆ ಕೊಡುತ್ತಾರೆ. ಕೈತೊಳೆದ ನೀರು ಹರಿದು ಹೋಗುವ ಕಡೆ ಒಂದು ನುಗ್ಗೆ, ಒಂದು ಪಪಾಯ, ಎರಡು ಕರಿಬೇವು ನೆಟ್ಟರೆ ಸಾಕು, ಅದೇ ಶಾಲೆಯ ಕೈತೋಟ. ನುಗ್ಗೆಗೆ ಈ ಸೀಮೆ ಹೇಳಿ ಮಾಡಿಸಿದ್ದು. ಧಾರಾಪುರಂ ಕಡೆಯ ಮೂಲನೂರಿನಿಂದ ಲಾರಿಗಟ್ಟಲೆ ನುಗ್ಗೆಕಾಯಿ ಊರೂರಿಗೆ ಹೋಗುತ್ತದೆ. ಕಾಯಿ ಮಾರಾಟಕ್ಕೆ, ಸೊಪ್ಪು ಆಡಿಗೆ ಎನ್ನುವ ಮನೆಗಳೇ ಹೆಚ್ಚು. ಆ ಸೊಪ್ಪಿನಲ್ಲಿ ಸುಣ್ಣದಂಶ, ಕಬ್ಬಿಣ, 'ಎ' ಜೀವಸತ್ವ ಮೂರೂ ತುಂಬಿವೆ. ತಾನೇ ನೀರೆರೆದ ಗಿಡದ ಎಲೆಯನ್ನು ಮಗು ತಟ್ಟೆಯ ಅಂಚಿಗೆ ತಳ್ಳುವುದು ಕಡಿಮೆ. ತಳ್ಳಿದರೂ ನಾನು ಗದರುವುದಿಲ್ಲ. ಒಂದು ಚಮಚ ರುಚಿ ನೋಡು, ಬೇಡ ಅನಿಸಿದರೆ ಬಿಡು ಎನ್ನುತ್ತೇನೆ. ಹೊಸ ರುಚಿ ಮಗುವಿನ ನಾಲಿಗೆಗೆ ಹಿಡಿಸಲು ಎಂಟು-ಹತ್ತು ಸಲ, ಕೆಲವೊಮ್ಮೆ ಇನ್ನೂ ಹೆಚ್ಚು ಸಲ ಬೇಕೆಂದು ಸಂಶೋಧನೆಗಳು ಹೇಳುತ್ತವೆ. ಬಲವಂತ ಮಾಡಿದರೆ ಆ ಎಣಿಕೆ ಮತ್ತೆ ಸೊನ್ನೆಗೆ ಬರುತ್ತದೆ. ದೊಡ್ಡವರು ಎರಡನೇ ಸಲಕ್ಕೇ ಕೈಚೆಲ್ಲಿ, 'ಇವನು ಸೊಪ್ಪು ತಿನ್ನಲ್ಲ' ಎಂದು ಹಣೆಪಟ್ಟಿ ಹಚ್ಚುತ್ತಾರೆ. ಆ ಹಣೆಪಟ್ಟಿಯನ್ನು ಮಗುವೂ ನಂಬಿಬಿಡುತ್ತದೆ.

ಬಕೆಟ್ಟನ್ನೂ ನಾನು ಪಾಠಕ್ಕೆ ಎಳೆದಿದ್ದೇನೆ. ಪ್ರತಿ ತರಗತಿಯಿಂದ ಇಬ್ಬರು, ಉಳಿದ ತರಕಾರಿ ಎಷ್ಟು ಸೌಟು ಎಂದು ಅಳೆದು ಗೋಡೆಯ ಮೇಲೆ ಗೆರೆ ಹಾಕುತ್ತಾರೆ. ಯಾರ ಹೆಸರೂ ಇಲ್ಲ, ತರಗತಿಯ ಗೆರೆ ಮಾತ್ರ. ಗೆರೆ ಗಿಡ್ಡವಾಗುವುದನ್ನು ನೋಡುವ ಹುರುಪು ಮಕ್ಕಳದ್ದೇ. ಒಂದು ಶಾಲೆಯಲ್ಲಿ ನಾಲ್ಕನೇ ತರಗತಿಯ ಹುಡುಗಿಯೊಬ್ಬಳು ಬಂದು, "ಮಿಸ್, ಬೀನ್ಸ್ ದಪ್ಪ ಇದ್ದ ದಿನ ಬಕೆಟ್ ತುಂಬುತ್ತೆ, ಸಣ್ಣಗೆ ಹೆಚ್ಚಿದ ದಿನ ತುಂಬಲ್ಲ" ಎಂದಳು. ಅಡುಗೆಯ ಅಕ್ಕನಿಗೆ ಹೇಳಿದೆವು. ಅವತ್ತಿನಿಂದ ಸಣ್ಣಗೆ ಹೆಚ್ಚುತ್ತಾರೆ. ಪೋಷಣೆಯ ಪಾಠದಲ್ಲಿ ಕಲಿಯುವವರು ಮಕ್ಕಳಷ್ಟೇ ಅಲ್ಲ.

ಕಬ್ಬಿಣದ ವಿಷಯಕ್ಕೆ ನಾನು ಹೆಚ್ಚು ಹೊತ್ತು ಕೊಡುತ್ತೇನೆ. 2016-18ರ ರಾಷ್ಟ್ರೀಯ ಪೋಷಣಾ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಐದರಿಂದ ಒಂಬತ್ತು ವರ್ಷದ ಮಕ್ಕಳಲ್ಲಿ ನೂರಕ್ಕೆ 24 ಮಂದಿಗೆ, ಹತ್ತರಿಂದ ಹತ್ತೊಂಬತ್ತರವರಲ್ಲಿ 28 ಮಂದಿಗೆ ರಕ್ತಹೀನತೆ. ಹೆಣ್ಣುಮಕ್ಕಳಲ್ಲಿ ಇನ್ನೂ ಹೆಚ್ಚು. ಶಾಲೆಗಳಲ್ಲಿ ವಾರಕ್ಕೊಮ್ಮೆ ಕಬ್ಬಿಣದ ಮಾತ್ರೆ ಕೊಡುತ್ತಾರೆ. ಚಿಕ್ಕವರಿಗೆ ಗುಲಾಬಿ ಬಣ್ಣದ್ದು, ದೊಡ್ಡವರಿಗೆ ನೀಲಿ. ಆ ನೀಲಿ ಮಾತ್ರೆಗಳು ಕಿಟಕಿಯಾಚೆ ಬಿದ್ದಿರುವುದನ್ನು ನೋಡಿದ್ದೇನೆ. ಹೊಟ್ಟೆ ತೊಳಸುತ್ತೆ, ಮಲ ಕಪ್ಪಗಾಗುತ್ತೆ, ಏನೋ ಆಗಿಬಿಡುತ್ತೆ ಎಂಬ ಹೆದರಿಕೆ. ಊಟವಾದ ಮೇಲೆ ನುಂಗಿದರೆ ತೊಳಸುವುದು ಕಡಿಮೆ, ದೇಹಕ್ಕೆ ಹಿಡಿಯದ ಕಬ್ಬಿಣ ಹೊರಗೆ ಹೋಗುವಾಗ ಕಪ್ಪಾಗುತ್ತದೆ, ಅದು ರೋಗವಲ್ಲ ಎಂದು ಹುಡುಗಿಯರನ್ನು ಕೂರಿಸಿಕೊಂಡು ಬಿಡಿಸಿ ಹೇಳಬೇಕು. ಹೇಳಿದರೆ ನುಂಗುತ್ತಾರೆ. ಅದರ ಜೊತೆಗೇ ಟೀ ವಿಷಯ. ಟೀಯಲ್ಲಿರುವ ಒಗರು ಕಬ್ಬಿಣವನ್ನು ಹಿಡಿದುಕೊಂಡು ರಕ್ತಕ್ಕೆ ಸೇರಗೊಡುವುದಿಲ್ಲ. ಹಾಗಾಗಿ ಊಟಕ್ಕೂ ಟೀಗೂ ನಡುವೆ ಒಂದು ಗಂಟೆ ಬಿಡಬೇಕು. ನಿಂಬೆ, ನೆಲ್ಲಿ, ಸೀಬೆಯಲ್ಲಿರುವ 'ಸಿ' ಜೀವಸತ್ವ ಇದಕ್ಕೆ ತದ್ವಿರುದ್ಧ. ಸೊಪ್ಪು, ಕಾಳಿನ ಕಬ್ಬಿಣವನ್ನು ದೇಹ ಹೀರಿಕೊಳ್ಳಲು ನೆರವಾಗುತ್ತದೆ. ಕಡಲೆ ಉಸಲಿಯ ಮೇಲೆ ನಿಂಬೆ ಹಿಂಡುವುದು ರುಚಿಗಷ್ಟೇ ಅಲ್ಲ ಎಂದು ತಿಳಿದಾಗ ಏಳನೇ ತರಗತಿಯ ಮಕ್ಕಳ ಕಣ್ಣು ಅರಳುತ್ತದೆ.

ದೊಡ್ಡ ತರಗತಿಗಳಿಗೆ ಪ್ಯಾಕೆಟ್ ಓದುವ ಪಾಠ. ಮನೆಯಿಂದ ಖಾಲಿ ಪ್ಯಾಕೆಟ್ ತನ್ನಿ ಎಂದರೆ ರಾಶಿ ಬೀಳುತ್ತದೆ. ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿಸಿ, ಗಣಿತದ ಲೆಕ್ಕದ ಹಾಗೆ ಮಾಡಿಸುತ್ತೇನೆ. ಕಪ್ಪು ಸೋಡಾದ 100 ಮಿಲಿಯಲ್ಲಿ ಹತ್ತು ಹನ್ನೊಂದು ಗ್ರಾಂ ಸಕ್ಕರೆ. 250 ಮಿಲಿಯ ಬಾಟಲಿಗೆ ಎಷ್ಟಾಯಿತು? ಲೆಕ್ಕ ಮಾಡಿದವರು ಬಂದು ಅಷ್ಟು ಸಕ್ಕರೆಯನ್ನು ಚಮಚದಲ್ಲಿ ಅಳೆದು ಲೋಟಕ್ಕೆ ಹಾಕಬೇಕು. ಐದು ಚಮಚ ಬೀಳುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ ಹೇಳಿರುವ ಮಿತಿ, ದೊಡ್ಡವರಿಗೂ, ಇಡೀ ದಿನಕ್ಕೆ 25 ಗ್ರಾಂ. ಒಂದು ಬಾಟಲಿಯಲ್ಲೇ ಅದು ಮುಗಿಯಿತು. ಈ ಲೋಟ ನೋಡಿದ ತರಗತಿ ಒಂದು ಕ್ಷಣ ಗದ್ದಲ ಮಾಡುವುದಿಲ್ಲ. ಕೊಯಮತ್ತೂರಿನ ಖಾಸಗಿ ಶಾಲೆಗಳಲ್ಲಿ ನಾನು ಹೆಚ್ಚಾಗಿ ಮಾಡುವುದು ಈ ಪಾಠವನ್ನೇ. ಅಲ್ಲಿ ತಟ್ಟೆ ಖಾಲಿ ಇರುವುದಿಲ್ಲ, ತುಂಬಿ ಹರಿಯುತ್ತಿರುತ್ತದೆ. ಹತ್ತು ವರ್ಷದ ಮಕ್ಕಳ ಸೊಂಟದ ಸುತ್ತ ಕೊಬ್ಬು, ಬ್ಯಾಗಿನಲ್ಲಿ ಕ್ರೀಮ್ ಬಿಸ್ಕತ್ತು. ಆ ತಂದೆ ತಾಯಿಗೆ ಮಾತ್ರ ನಾನು ನೇರವಾಗಿ ಹೇಳುತ್ತೇನೆ, ಏಕೆಂದರೆ ಅವರಿಗೆ ಆಯ್ಕೆ ಇದೆ.

ಶಾಲೆಯ ಗೇಟಿನಿಂದ 50 ಮೀಟರ್ ಒಳಗೆ ಕೊಬ್ಬು, ಸಕ್ಕರೆ, ಉಪ್ಪು ಜಾಸ್ತಿ ಇರುವ ತಿಂಡಿ ಮಾರಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮವಿದೆ. ಗೇಟಿನ ಬಳಿ ಬುಟ್ಟಿ ಇಟ್ಟುಕೊಂಡು ಕೂತ ಪಾಟಿಯನ್ನು (ಅಜ್ಜಿಯನ್ನು) ಆ ನಿಯಮ ಹೇಳಿ ಓಡಿಸಬಹುದು. ಆದರೆ ಆಕೆಯ ಹೊಟ್ಟೆಪಾಡೂ ಅಲ್ಲೇ ಇದೆ. ಪಲ್ಲಡಂ ಕಡೆಯ ಒಂದು ಶಾಲೆಯಲ್ಲಿ ಅಂಥ ಪಾಟಿಯ ಜೊತೆ ಕೂತು ಮಾತಾಡಿದೆವು. ಈಗ ಅವರ ಬುಟ್ಟಿಯಲ್ಲಿ ಬೇಯಿಸಿದ ಕಡಲೆಕಾಯಿ, ಕಡಲೆ ಮಿಠಾಯಿ, ಉಪ್ಪು ಖಾರ ಸವರಿದ ಸೀಬೆ, ಕಾಲಕಾಲಕ್ಕೆ ನೆಲ್ಲಿಕಾಯಿ. ಪ್ಯಾಕೆಟ್ಟುಗಳು ಪೂರಾ ಹೋಗಿಲ್ಲ, ಹಿಂದಿನ ಸಾಲಿಗೆ ಸರಿದಿವೆ.

ಇನ್ನೊಂದು ಸಂಗತಿ ಪುಸ್ತಕಗಳಲ್ಲಿ ಸಿಗುವುದಿಲ್ಲ. ತಿರುಪ್ಪೂರಿನ ತರಗತಿಗಳಲ್ಲಿ ಈಗ ಒಡಿಶಾ, ಬಿಹಾರದ ಮಕ್ಕಳು ಸಾಕಷ್ಟಿದ್ದಾರೆ. ಅವರ ಮನೆಯಲ್ಲಿ ಸಾಸಿವೆ ಎಣ್ಣೆ, ರೊಟ್ಟಿ, ಆಲೂಗಡ್ಡೆ, ಬೇಳೆ. ಹುಣಸೆ ಹುಳಿಯ ಸಾಂಬಾರ್ ಅವರ ಬಾಯಿಗೆ ಒಗ್ಗದೆ ಮೊದಲ ತಿಂಗಳುಗಳಲ್ಲಿ ಬರೀ ಅನ್ನ, ಮೊಟ್ಟೆ ತಿಂದು ಏಳುತ್ತಾರೆ. ಅವರಿಗೂ ಹಾಳೆ ಕೊಟ್ಟು ಅವರ ಮಾತಿನಲ್ಲೇ ಬರೆಸುತ್ತೇನೆ, ಊರಿನಲ್ಲಿ ಅಜ್ಜಿ ಏನು ಮಾಡುತ್ತಿದ್ದಳು ಎಂದು. ಒಬ್ಬ ಹುಡುಗ 'ಸತ್ತು' ಎಂದು ಬರೆದ, ಹುರಿದ ಕಡಲೆಯ ಹಿಟ್ಟು. ನಮ್ಮ ಹುರಿಗಡಲೆ ಹಿಟ್ಟಿನ ಹತ್ತಿರದ ನೆಂಟ. ಅದನ್ನು ತರಗತಿಗೆ ತಂದು, ಈರುಳ್ಳಿ ನಿಂಬೆ ಹಾಕಿ ಕಲಸಿ ಎಲ್ಲರೂ ಉಂಡೆವು. ಅವತ್ತು ಆ ಹುಡುಗನೇ ಮೇಷ್ಟ್ರು. ಮನೆಯ ಅಡುಗೆಗೆ ಮರ್ಯಾದೆ ಸಿಕ್ಕ ಮೇಲೆ ಅವನು ಸಾಂಬಾರಿಗೂ ಕೈ ಹಾಕಿದ.

ಈ ಸೀಮೆಯ ಮಕ್ಕಳಿಗೂ ಅಜ್ಜಿಯ ಅಡುಗೆ ನೆನಪಿಸಬೇಕಾಗಿದೆ. ಕೊಂಗುನಾಡು ಒಣಭೂಮಿ. ನಮ್ಮ ಅಜ್ಜಿಯರ ಕಾಲದಲ್ಲಿ ಜೋಳದ ಅನ್ನ, ಸಜ್ಜೆಯ ಅಂಬಲಿ, ರಾಗಿ ಮುದ್ದೆ ದಿನದ ಊಟ, ಅಕ್ಕಿ ಹಬ್ಬಕ್ಕೆ. ಪಡಿತರದ ಅಕ್ಕಿ ಬಂದು ಹಸಿವು ನೀಗಿತು, ಅದು ದೊಡ್ಡ ಉಪಕಾರ. ಆದರೆ ತಟ್ಟೆ ಬೆಳ್ಳಗಾಯಿತು. ನೂರು ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂ ಆಸುಪಾಸು ಸುಣ್ಣದಂಶ ಇದ್ದರೆ, ಪಾಲಿಶ್ ಅಕ್ಕಿಯಲ್ಲಿ ಹತ್ತರ ಹತ್ತಿರ. ಮಗುವಿನ ಬೆಳೆಯುವ ಎಲುಬಿಗೆ ಈ ಅಂತರ ಸಣ್ಣದಲ್ಲ. ಕರ್ನಾಟಕದ ಶಾಲೆಗಳಲ್ಲಿ 2024ರಿಂದ ಹಾಲಿನ ಜೊತೆ ರಾಗಿ ಮಾಲ್ಟ್ ಕೊಡುತ್ತಿರುವುದನ್ನು ಇಲ್ಲಿಯ ಸಭೆಗಳಲ್ಲಿ ನಾನು ಎತ್ತಿ ಹೇಳುತ್ತಿರುತ್ತೇನೆ.

ಶನಿವಾರದ ತರಗತಿ ನನಗೆ ಬಲು ಇಷ್ಟ. ಏಳು, ಎಂಟನೇ ತರಗತಿಯ ಮಕ್ಕಳಿಗೆ ಅಡುಗೆ. ಹುಡುಗರೂ ಕಡ್ಡಾಯ. ಕೊಂಗುನಾಡಿನ ಮನೆಮನೆಯ 'ಅರಿಸಿ ಪರುಪ್ಪು ಸಾದಂ'ನಿಂದ ಶುರು: ಮೂರು ಪಾಲು ಅಕ್ಕಿ, ಒಂದು ಪಾಲು ತೊಗರಿಬೇಳೆ, ಸಾಂಬಾರ್ ಈರುಳ್ಳಿ, ಬೆಳ್ಳುಳ್ಳಿ, ಟೊಮ್ಯಾಟೊ, ಮೆಣಸು ಜೀರಿಗೆ, ಅರಿಶಿನ, ಒಂದು ಹಿಡಿ ನುಗ್ಗೆಸೊಪ್ಪು. ಎಲ್ಲ ಒಂದೇ ಕುಕ್ಕರಿನಲ್ಲಿ, ಮೂರು ಸೀಟಿ. ಅಕ್ಕಿಯ ಪ್ರೋಟೀನಿನಲ್ಲಿ ಕೊರತೆಯಿರುವ ಲೈಸಿನ್ ಬೇಳೆಯಲ್ಲಿದೆ, ಬೇಳೆಯಲ್ಲಿ ಕಡಿಮೆಯಿರುವ ಮಿಥಿಯೋನಿನ್ ಅಕ್ಕಿಯಲ್ಲಿದೆ. ಎರಡೂ ಕೂಡಿದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಕುಕ್ಕರಿನ ಆವಿ ಇಳಿಯುವ ತನಕ ಮುಚ್ಚಳ ಮುಟ್ಟಬಾರದು, ಒಲೆ ಹಚ್ಚುವಾಗ ಮನೆಯಲ್ಲಿ ದೊಡ್ಡವರೊಬ್ಬರು ಇರಬೇಕು ಎನ್ನುವುದನ್ನು ಮಾತ್ರ ಪ್ರತಿ ಸಲ ಹೇಳುತ್ತೇನೆ. ದೊಡ್ಡವರು ಇಲ್ಲದ ಹೊತ್ತಿನಲ್ಲಿ ಅಕ್ಕಿ ಬೇಳೆ ತೊಳೆದು ನೆನೆಸಿ, ಈರುಳ್ಳಿ ಸುಲಿದು, ಸೊಪ್ಪು ಬಿಡಿಸಿ ಇಟ್ಟರೂ ಸಾಕು. ಅಮ್ಮ ಬಂದು ಒಲೆ ಹಚ್ಚಿದರೆ ಇಪ್ಪತ್ತು ನಿಮಿಷದಲ್ಲಿ ಊಟ.

ಕಳೆದ ಪೋಷಕರ ಸಭೆಗೆ ಒಬ್ಬಾಕೆ ಕಂಪನಿಯಿಂದ ಅನುಮತಿ ಕೇಳಿಕೊಂಡು ಬಂದಿದ್ದರು. ಬೆರಳ ತುದಿಗಳಲ್ಲಿ ಹೊಲಿಗೆಯ ಸೂಜಿ ಚುಚ್ಚಿದ ಗುರುತು. ಮಗ ಏಳನೇ ತರಗತಿ. "ವಾರಕ್ಕೆ ಮೂರು ರಾತ್ರಿ ಪರೋಟ ಕಟ್ಟಿಸಿಕೊಂಡು ಹೋಗುತ್ತಿದ್ದೆ ಮಿಸ್, ಈಗ ನಾನು ಹೋಗುವಾಗ ಎಲ್ಲ ಸಿದ್ಧ ಮಾಡಿ ಇಟ್ಟಿರುತ್ತಾನೆ. ದಿನಾ ಅದೇ ಸಾದಂ ಆಯಿತು. ಕೊಳ್ಳು ಕಡೆಯುವುದನ್ನೂ ಹೇಳಿಕೊಡಿ" ಎಂದರು. ಕೊಳ್ಳು ಅಂದರೆ ಹುರುಳಿ. ಹುರಿದು, ಬೇಯಿಸಿ, ಜೀರಿಗೆ ಬೆಳ್ಳುಳ್ಳಿ ಹಾಕಿ ಕಡೆಗೋಲಿನಿಂದ ಕಡೆದು ಅನ್ನಕ್ಕೆ ಕಲಸುವುದು. ಬೇಳೆಕಾಳುಗಳಲ್ಲಿ ಅಗ್ಗ, ಕಬ್ಬಿಣವೂ ಪ್ರೋಟೀನೂ ಚೆನ್ನಾಗಿರುವಂಥದ್ದು. ನನಗಿಂತ ಚೆನ್ನಾಗಿ ಅದನ್ನು ಕಡೆಯಬಲ್ಲವರು ಆ ಶಾಲೆಯ ಆಯಮ್ಮ. ಮುಂದಿನ ಶನಿವಾರದ ತರಗತಿ ಅವರದೇ ಎಂದು ನಿಶ್ಚಯವಾಗಿದೆ. ಹುರುಳಿ ತರುವ ಜವಾಬ್ದಾರಿ ಎಂಟನೇ ತರಗತಿಯವರದು, ಕಡೆಗೋಲು ನಮ್ಮ ಸಿರುಮುಗೈ ಮನೆಯದು.